ತೂತು ಕೊಡ, ಗೇಣಿ ಮತ್ತು ರೇಷನ್ ಕಾರ್ಡು



ದತ್ತಿ ಉಪನ್ಯಾಸವೆಂಬುದು ಕೂಡ ಒಂದು ಸಣ್ಣ ಮರುಹಂಚಿಕೆಯೇ. ಯಾರೋ ಒಬ್ಬರು ಜೀವಮಾನವೆಲ್ಲ ದುಡಿದು ಉಳಿಸಿದ ಹಣ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿದೆ. ಅದರ ಬಡ್ಡಿ ವರ್ಷಕ್ಕೊಮ್ಮೆ ನನ್ನಂಥ ಒಬ್ಬ ನಿವೃತ್ತ ಮೇಷ್ಟರ ಗೌರವಧನವಾಗಿ, ಶಾಲಾಗಿ, ಹಣ್ಣಿನ ಬುಟ್ಟಿಯಾಗಿ ಕೈಸೇರುತ್ತದೆ. ಹಣ ಸಿಕ್ಕಿತಲ್ಲ ಎಂದು ನಾನು ನಾಳೆಯಿಂದ ಓದುವುದು ಬರೆಯುವುದು ಬಿಡುತ್ತೇನೆಯೇ? ಬಿಡುವುದಿಲ್ಲವೆಂದು ಸಂಘಟಕರು ನಂಬಿದ್ದಾರೆ. ನನ್ನ ಬಗ್ಗೆ ಇಟ್ಟ ಈ ನಂಬಿಕೆಯನ್ನು ನಾವು ಯಾರ ಬಗ್ಗೆ ಇಡುತ್ತೇವೆ, ಯಾರ ಬಗ್ಗೆ ಇಡುವುದಿಲ್ಲ ಎಂಬಲ್ಲಿಂದಲೇ ಈ ಹೊತ್ತಿನ ವಿಷಯ ಶುರುವಾಗುತ್ತದೆ.

ಉಳ್ಳವರಿಂದ ತೆಗೆದು ಇಲ್ಲದವರಿಗೆ ಕೊಟ್ಟರೆ ದುಡಿಯುವ ಮನಸ್ಸು ಕುಗ್ಗುತ್ತದೆಯೇ? ಇದು ಅರ್ಥಶಾಸ್ತ್ರದ ತರಗತಿಯಲ್ಲಿ ಮಾತ್ರ ಏಳುವ ಪ್ರಶ್ನೆಯಲ್ಲ. 2013ರ ಜುಲೈನಲ್ಲಿ ಅನ್ನಭಾಗ್ಯ ಬಂದಾಗಿನಿಂದ ಮದುವೆ ಮನೆಯ ಪಂಕ್ತಿಯಲ್ಲಿ, ಅಡಕೆ ಮಂಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂದೇ ಮಾತು ಕೇಳುತ್ತಿದ್ದೇನೆ: “ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನ ಸೋಮಾರಿ ಮಾಡಿಟ್ಟರು, ಕೆಲಸಕ್ಕೆ ಒಂದು ಆಳು ಸಿಗ್ತಿಲ್ಲ.” ಹೀಗೆ ಹೇಳುವವರೆಲ್ಲ ಕಲ್ಲೆದೆಯವರೇನಲ್ಲ. ಅವರಲ್ಲಿ ನನ್ನ ತಮ್ಮನೂ ಇದ್ದಾನೆ. ಹಾಗಾಗಿ ಈ ಮಾತನ್ನು ತಳ್ಳಿಹಾಕದೆ ಸ್ವಲ್ಪ ಬಿಡಿಸಿ ನೋಡಬೇಕೆಂದಿದ್ದೇನೆ. ಮೊದಲು ನಮ್ಮೂರಿನ ಗೇಣಿಯ ಕಥೆ, ಆಮೇಲೆ ಹೊರದೇಶಗಳಲ್ಲಿ ನಡೆದ ಪರೀಕ್ಷೆಗಳು, ಮುಂದೆ ಶ್ರೀಮಂತರ ತೆರಿಗೆ, ಕಡೆಗೆ ನಮ್ಮ ರೇಷನ್ ಕಾರ್ಡು. ಇಷ್ಟು ನನ್ನ ವ್ಯಾಪ್ತಿ.

ಆರ್ಥರ್ ಓಕುನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1975ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ಅಧ್ಯಕ್ಷ ಜಾನ್ಸನ್ ಅವರ ಆರ್ಥಿಕ ಸಲಹೆಗಾರರ ಮಂಡಳಿಗೆ ಮುಖ್ಯಸ್ಥನಾಗಿದ್ದವನು. ಉಳ್ಳವರ ಮನೆಯಿಂದ ಇಲ್ಲದವರ ಮನೆಗೆ ಹಣ ಸಾಗಿಸುವುದು ತೂತು ಕೊಡದಲ್ಲಿ ನೀರು ಹೊತ್ತಂತೆ, ದಾರಿಯಲ್ಲಿ ಒಂದಿಷ್ಟು ಸೋರಿಹೋಗುತ್ತದೆ ಎಂದ. ಕಚೇರಿಯ ಖರ್ಚು ಒಂದು ಸೋರಿಕೆ. ತೆರಿಗೆ ಕಟ್ಟುವವನ ಉತ್ಸಾಹ ತಗ್ಗುವುದು ಇನ್ನೊಂದು, ಪಡೆಯುವವನ ದುಡಿಮೆ ತಗ್ಗುವುದು ಮತ್ತೊಂದು. ಎಷ್ಟು ಸೋರಿದರೆ ಸಹಿಸುತ್ತೀರಿ ಎಂದು ಅವನು ಓದುಗರನ್ನೇ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ನೀರು ಹೊತ್ತು ಗೊತ್ತಿರುವ ಹೆಂಗಸರು ಅದಕ್ಕಿಂತ ಮೊದಲು ಬೇರೆಯದೊಂದನ್ನು ಕೇಳುತ್ತಾರೆ: ತೂತು ಎಲ್ಲಿದೆ? ತಳದಲ್ಲೋ, ಕಂಠದಲ್ಲೋ? ಕಂಠದಲ್ಲಿದ್ದರೆ ಕೊಡವನ್ನು ಓರೆ ಮಾಡಿ ಹೊತ್ತರೂ ನಡೆಯುತ್ತದೆ.

ಈ ತೂತು ಹುಡುಕಲು ಪಾಠದ ಒಂದೇ ಒಂದು ಸೂತ್ರ ಸಾಕು. ಕೈಗೆ ಬರುವ ಸಹಾಯ ದುಡಿಮೆಯನ್ನು ಎರಡು ದಾರಿಯಲ್ಲಿ ಮುಟ್ಟುತ್ತದೆ. ಹೊಟ್ಟೆಗೆ ಸ್ವಲ್ಪ ಆಧಾರ ಸಿಕ್ಕಿದವನು ಮೈಮುರಿಯುವ ಕೆಲಸದಲ್ಲಿ ಒಂದಿಷ್ಟು ಕಡಿಮೆ ಮಾಡಿಕೊಳ್ಳಬಹುದು. ಇದನ್ನು ಆದಾಯ ಪರಿಣಾಮ ಎನ್ನುತ್ತೇವೆ. ಎರಡನೆಯದು, ಅವನು ಹೊಸದಾಗಿ ದುಡಿದು ತರುವ ಪ್ರತಿ ರೂಪಾಯಿಯಲ್ಲಿ ಅವನ ಜೇಬಿಗೆ ಎಷ್ಟು ಉಳಿಯುತ್ತದೆ, ಎಷ್ಟು ಇನ್ನೊಬ್ಬರ ಪಾಲಾಗುತ್ತದೆ ಎಂಬುದು. ಎಷ್ಟು ಕೊಟ್ಟರು ಎಂದು ಎಲ್ಲರೂ ಕೇಳುತ್ತಾರೆ. ಹೊಸ ದುಡಿಮೆಯಲ್ಲಿ ಎಷ್ಟು ಕಿತ್ತುಕೊಂಡರು ಎಂದು ಕೇಳುವವರು ವಿರಳ. ಮೂವತ್ತು ವರ್ಷ ಪಾಠ ಹೇಳಿದ ಮೇಲೆ ನನಗನ್ನಿಸಿರುವುದು, ದುಡಿಯುವ ಮನಸ್ಸು ಸಾಯುವುದು ಬಹುಪಾಲು ಈ ಕಿತ್ತುಕೊಳ್ಳುವ ಜಾಗದಲ್ಲಿ.

ಈಗ ಗೇಣಿಗೆ ಬರುತ್ತೇನೆ.

ನಮ್ಮದು ದಕ್ಷಿಣ ಕನ್ನಡದಲ್ಲಿ ಗೇಣಿ ಪಡೆಯುತ್ತಿದ್ದ ಮನೆ. ದೊಡ್ಡ ಧಣಿತನವೇನೂ ಇರಲಿಲ್ಲ. ಅಜ್ಜ ತೀರಿಕೊಂಡ ಮೇಲೆ ಅಜ್ಜಿಯ ಹೆಸರಿನಲ್ಲಿ ಉಳಿದಿದ್ದ ನಾಲ್ಕೈದು ಎಕರೆ, ಮೂರು ಒಕ್ಕಲು. ನಮ್ಮ ಕಡೆ ಎರಡು ಬಗೆಯ ಗೇಣಿ ಇತ್ತು. ಮೂಲಗೇಣಿಯವರದು ಕಾಯಂ ಹಕ್ಕು, ಅವರು ಕೊಡಬೇಕಾದ ಗೇಣಿ ತಲೆಮಾರಿನಿಂದ ನಿಗದಿ. ಚಾಲಗೇಣಿಯವರದು ಧಣಿಯ ಮನಸ್ಸಿದ್ದಷ್ಟು ದಿನ. ನಮ್ಮ ಮೂವರೂ ಚಾಲಗೇಣಿಯವರು. ಕೊಯ್ಲು ಮುಗಿದ ಮೇಲೆ ಅವರು ಅಕ್ಕಿ ಮುಡಿಗಳನ್ನು ತಲೆಯ ಮೇಲೆ ಹೊತ್ತು ತಂದು ಅಂಗಳದಲ್ಲಿ ಇಳಿಸುವುದು ನನ್ನ ಕಣ್ಣಿಗೆ ಇನ್ನೂ ಕಟ್ಟಿದೆ. ಬೈಹುಲ್ಲಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದ ಗುಂಡನೆಯ ಮುಡಿ. ಅಜ್ಜಿ ಹುಲ್ಲಿನ ಸಂದಿಗೆ ಬೆರಳು ತೂರಿಸಿ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಒಕ್ಕಲು ಮಾತಾಡದೆ ನಿಂತಿರುತ್ತಿದ್ದ.

ಮನೆಯ ಮೇಲ್ಭಾಗದಲ್ಲಿ ಒಂದು ಬೆಟ್ಟು ಗದ್ದೆ. ಮಳೆ ನಂಬಿದ ನೆಲ, ವರ್ಷಕ್ಕೆ ಎಣೇಲು ಒಂದೇ ಬೆಳೆ. ಅಲ್ಲೊಂದು ಬಾವಿ ತೋಡಿದರೆ ಎರಡನೆಯ ಬೆಳೆ ಮಾಡಬಹುದು, ಅಂಚಿಗೆ ಅಡಕೆ ಇಡಬಹುದು ಎಂದು ಅಜ್ಜಿ ಆಗಾಗ ಹೇಳುತ್ತಿದ್ದರು. ಒಕ್ಕಲು ಹೂಂಗುಟ್ಟುತ್ತಿದ್ದ, ಮಾಡುತ್ತಿರಲಿಲ್ಲ. “ಮಹಾ ಉದಾಸೀನ ಇವನಿಗೆ” ಎಂದು ಅವನು ಹೋದ ಮೇಲೆ ಅಜ್ಜಿ ಗೊಣಗುತ್ತಿದ್ದರು. ಒಮ್ಮೆ ಮಾತ್ರ ಅವನು ಬಾಯಿಬಿಟ್ಟ: “ಅಮ್ಮಾ, ಬಾವಿ ನಾನು ತೋಡಬಹುದು. ತೋಡಿದ ಮೇಲೆ ಗೇಣಿ ಎಷ್ಟು ಮುಡಿ?” ಅಜ್ಜಿ ಉತ್ತರಿಸಲಿಲ್ಲ. ಅರ್ಥಶಾಸ್ತ್ರದಲ್ಲಿ ನಾನು ಕಲಿತ ಮೊದಲ ಪಾಠ ಅದು. ಅರ್ಥವಾಗಲು ಹದಿನೈದು ವರ್ಷ ಹಿಡಿಯಿತು.

1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರದ ಬಗ್ಗೆ ಎದ್ದ ಜಗಳ 1951ರಲ್ಲಿ ಸತ್ಯಾಗ್ರಹವಾಗಿ, ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾಗಿ, ಉಳುವವನೇ ಹೊಲದೊಡೆಯ ಎಂಬ ಕೂಗು ಎರಡು ದಶಕ ಕಾದು, ದೇವರಾಜ ಅರಸರ ಕಾಲದಲ್ಲಿ ಕಾನೂನಾಯಿತು. ಒಕ್ಕಲುಗಳು ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡರು. ನಮ್ಮ ಜಿಲ್ಲೆಯ ಬಾಯಿಮಾತಿನಲ್ಲಿ ಅದು ‘ಡಿಕ್ಲರೇಶನ್’. “ಡಿಕ್ಲರೇಶನ್‌ನಲ್ಲಿ ಬಂದ ಜಾಗ”, “ಡಿಕ್ಲರೇಶನ್‌ನಲ್ಲಿ ಹೋದ ಜಾಗ” ಎಂದು ಈಗಲೂ ಹೇಳುತ್ತಾರೆ. ಭೂನ್ಯಾಯ ಮಂಡಳಿಗೆ ವಕೀಲರಿಗೆ ಪ್ರವೇಶವಿರಲಿಲ್ಲ. ಹಾಗಾಗಿ ನನ್ನ ಅಜ್ಜಿ ಒಂದು ಬೆಂಚಿನಲ್ಲಿ, ಒಕ್ಕಲು ಇನ್ನೊಂದರಲ್ಲಿ. ಜಾಗ ಹೋಯಿತು. ಪರಿಹಾರವೆಂದು ಬಂದದ್ದು ಅತ್ಯಲ್ಪ. ಅದರ ನೋವನ್ನು ನಾನು ಮರೆತಿಲ್ಲ. ವಿಧವೆಯರ, ಸಣ್ಣ ಹಿಡುವಳಿದಾರರ ಪಾಲಿಗೆ ಆ ಕಾನೂನು ಒರಟಾಗಿತ್ತೆಂದು ಈಗಲೂ ಹೇಳುತ್ತೇನೆ.

ಆದರೆ ಈ ಹೊತ್ತಿನ ಪ್ರಶ್ನೆ ದುಡಿಮೆಯದು. ಎರಡು ವರ್ಷ ಕಳೆಯುವುದರೊಳಗೆ ಆ ಬೆಟ್ಟಿನಲ್ಲಿ ಬಾವಿ ಬಂತು. ಗಂಡ ಹೆಂಡತಿ ಬೆಳದಿಂಗಳಿನಲ್ಲೂ ಮಣ್ಣು ಎತ್ತಿದರು. ಆಮೇಲೆ ಪಂಪ್, ಆಮೇಲೆ ಅಡಕೆ ಸಸಿ. ಮನುಷ್ಯ ಅವನೇ, ಮಣ್ಣು ಅದೇ. ನಮ್ಮ ಅಜ್ಜಿ ಕಂಡಿದ್ದ ಉದಾಸೀನ ಎಲ್ಲಿ ಹೋಯಿತು?

ಆಲ್‌ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞ ಇದಕ್ಕೆ 1890ರಷ್ಟು ಹಿಂದೆಯೇ ಉತ್ತರ ಬರೆದಿಟ್ಟಿದ್ದ. ಬೆಳೆಯಲ್ಲಿ ಅರ್ಧ ಧಣಿಗೆ ಕೊಡಬೇಕಾದ ರೈತ, ತನ್ನ ಶ್ರಮದ ಫಲದಲ್ಲೂ ಅರ್ಧವನ್ನೇ ಕಾಣುವುದರಿಂದ ಶ್ರಮವನ್ನು ಬೇಗ ನಿಲ್ಲಿಸುತ್ತಾನೆ. ಹಳೆ ಮೈಸೂರಿನಲ್ಲಿ ವಾರ, ಉತ್ತರದಲ್ಲಿ ಕೋರು ಎಂದು ಕರೆಯುವುದು ಇದನ್ನೇ. ಲೆಕ್ಕದಲ್ಲಿ ಅದು ಐವತ್ತು ಶೇಕಡ ತೆರಿಗೆ. ಸರ್ಕಾರದ ಬದಲು ಧಣಿ ವಸೂಲು ಮಾಡುತ್ತಾನೆ, ಅಷ್ಟೇ ವ್ಯತ್ಯಾಸ. ನಮ್ಮ ಚಾಲಗೇಣಿಯಲ್ಲಿ ಪಾಲು ನಿಗದಿಯಾಗಿರಲಿಲ್ಲ, ಆದರೆ ಬೆಳೆ ಹೆಚ್ಚಿದರೆ ಗೇಣಿ ಹೆಚ್ಚುವ ಭಯ ಸದಾ ಇತ್ತು. ಭೂಮಿಯ ಮರುಹಂಚಿಕೆ ಆ ತೆರಿಗೆಯನ್ನು ಒಂದೇ ಏಟಿಗೆ ತೆಗೆದುಹಾಕಿತು.

ಒಂದು ಮನೆಯ ಕಥೆ ಪುರಾವೆಯಾಗುವುದಿಲ್ಲವೆಂದು ನನ್ನ ವಿದ್ಯಾರ್ಥಿಗಳೇ ಎದ್ದು ಹೇಳಿಯಾರು. ಸರಿ, ಪಶ್ಚಿಮ ಬಂಗಾಳಕ್ಕೆ ಹೋಗೋಣ. ಅಲ್ಲಿ 1978ರಿಂದ ‘ಆಪರೇಷನ್ ಬರ್ಗಾ’ ನಡೆಯಿತು. ಭೂಮಿಯ ಒಡೆತನ ಬದಲಾಗಲಿಲ್ಲ. ಪಾಲಿಗೆ ಉಳುವ ಬರ್ಗಾದಾರರ ಹೆಸರನ್ನು ಸರ್ಕಾರಿ ದಾಖಲೆಗೆ ಏರಿಸಿದರು, ಎಬ್ಬಿಸದಂತೆ ರಕ್ಷಣೆ ಕೊಟ್ಟರು, ಧಣಿಯ ಪಾಲಿಗೆ ಮಿತಿ ಹಾಕಿದರು. ಹೀಗೆ ನೋಂದಣಿಯಾದವರು 14 ಲಕ್ಷದಷ್ಟು. ಅಭಿಜಿತ್ ಬ್ಯಾನರ್ಜಿ, ಪಾಲ್ ಗರ್ಟ್ಲರ್, ಮೈತ್ರೀಶ್ ಘಟಕ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ಅಳೆಯಿತು: ಪಾಲುಗಾರರ ಇಳುವರಿ ಏರಿತ್ತು. ಇಲ್ಲಿ ಉಳ್ಳವರಿಂದ ಇಲ್ಲದವರಿಗೆ ಹೋದದ್ದು ಹಣವಲ್ಲ, ದುಡಿಮೆಯ ಫಲದ ಮೇಲಿನ ಹಕ್ಕು. ಕೊಡ ದಾರಿಯಲ್ಲಿ ಸೋರುವ ಬದಲು ತುಂಬಿಕೊಂಡಿತು. ಗೇಣಿಗೆ ಉಳುತ್ತಿದ್ದವರಿಗೆ ಸಿಕ್ಕ ಈ ಭಾಗ್ಯ ಅವರ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಕೂಲಿ ಹೆಂಗಸರಿಗೆ ಎರಡೂ ಕಡೆ ಸಿಗಲಿಲ್ಲ ಎಂಬುದು ಬೇರೆ ಮಾತು. ಅದಕ್ಕೇ ಇನ್ನೊಂದು ಉಪನ್ಯಾಸ ಬೇಕು.

ಇನ್ನು ಎರಡನೆಯ ಮಜಲು. ನಗದು ಕೊಟ್ಟರೆ, ಧಾನ್ಯ ಕೊಟ್ಟರೆ ಏನಾಗುತ್ತದೆ?

ಬಡವರಿಗೆ ಕೊಟ್ಟರೆ ಕೆಡುತ್ತಾರೆ ಎಂಬ ವಾದಕ್ಕೆ ಒಂದು ಊರಿದೆ. ಇಂಗ್ಲೆಂಡಿನ ಬರ್ಕ್‌ಷೈರಿನ ಸ್ಪೀನ್‌ಹ್ಯಾಮ್‌ಲ್ಯಾಂಡ್. 1795ರ ಮೇ ತಿಂಗಳಲ್ಲಿ, ಬ್ರೆಡ್ಡಿನ ಬೆಲೆ ಗಗನಕ್ಕೇರಿದ್ದಾಗ, ಆ ಕೌಂಟಿಯ ನ್ಯಾಯಾಧೀಶರು ಪೆಲಿಕನ್ ಎಂಬ ಹೋಟೆಲಿನಲ್ಲಿ ಸೇರಿ ಒಂದು ಪಟ್ಟಿ ಮಾಡಿದರು. ಬ್ರೆಡ್ಡಿಗೆ ಇಷ್ಟು ಬೆಲೆಯಿದ್ದರೆ ಕೂಲಿಗೆ ಇಷ್ಟು ಆದಾಯ ಇರಬೇಕು, ಕಡಿಮೆ ಬಿದ್ದದ್ದನ್ನು ಪ್ಯಾರಿಷ್ ಎಂಬ ಸ್ಥಳೀಯ ಆಡಳಿತ ತುಂಬಿಕೊಡಬೇಕು. ಕರುಣೆಯ ಪಟ್ಟಿಯೇ. ಆದರೆ ಲೆಕ್ಕ ನೋಡಿ. ಕೂಲಿಯವನು ಒಂದು ಶಿಲಿಂಗ್ ಹೆಚ್ಚು ದುಡಿದರೆ ಸಹಾಯದಲ್ಲಿ ಒಂದು ಶಿಲಿಂಗ್ ಕಡಿತ. ನೂರು ಶೇಕಡ ಕಿತ್ತುಕೊಂಡಂತೆ. ಅತ್ತ ಮಾಲೀಕನಿಗೆ, ಕೂಲಿ ಇಳಿಸಿದರೂ ಉಳಿದದ್ದನ್ನು ಪ್ಯಾರಿಷ್ ಕೊಡುತ್ತದಲ್ಲ ಎಂಬ ನೆಮ್ಮದಿ. 1834ರ ಬಡವರ ಕಾನೂನು ಆಯೋಗ ಇದನ್ನೆಲ್ಲ ಕೂಲಿಗಳ ಸೋಮಾರಿತನದ ಲೆಕ್ಕಕ್ಕೆ ಬರೆದು, ಸಹಾಯ ಬೇಕಾದವರು ‘ವರ್ಕ್‌ಹೌಸ್’ ಎಂಬ ಜೈಲಿನಂಥ ಮನೆಗೆ ಹೋಗಬೇಕೆಂದು ಶಿಫಾರಸು ಮಾಡಿತು. ಆ ಆಯೋಗದ ತೀರ್ಮಾನಗಳು ಅದೇ ಸಂಗ್ರಹಿಸಿದ್ದ ಮಾಹಿತಿಗೆ ಹೊಂದುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಮಾರ್ಕ್ ಬ್ಲಾಗ್ 1960ರ ದಶಕದಲ್ಲಿ ತೋರಿಸಿಕೊಟ್ಟ. ಅಷ್ಟರಲ್ಲಿ ಸೋಮಾರಿ ಬಡವನ ಚಿತ್ರ ಸಾಮ್ರಾಜ್ಯದ ಹಡಗು ಹತ್ತಿ ಎಲ್ಲೆಡೆ ಇಳಿದಾಗಿತ್ತು.

ಆದರೆ ಕಾಯಕವನ್ನೂ ದಾಸೋಹವನ್ನೂ ಒಂದೇ ಉಸಿರಿನಲ್ಲಿ ಹೇಳಿದ ನಾಡು ನಮ್ಮದು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದು ಲಕ್ಕಮ್ಮ ಕಳುಹಿಸಿದ ಕಥೆ ಎಲ್ಲರಿಗೂ ಗೊತ್ತು. ದಾಸೋಹದಲ್ಲಿ ಉಂಡವನು ಕಾಯಕ ಬಿಡುತ್ತಾನೆಂಬ ಚಿಂತೆ ಅವರನ್ನು ಕಾಡಿದಂತಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಕೂಡಿಟ್ಟವನ ಬಗ್ಗೆ ಇತ್ತು ಅವರ ಚಿಂತೆ. ಇಂದಿಗೂ ಮಠದ, ದೇವಸ್ಥಾನದ ಪಂಕ್ತಿಯಲ್ಲಿ ಕೂತವರ ಆದಾಯವನ್ನು ಯಾರೂ ವಿಚಾರಿಸುವುದಿಲ್ಲ. ಪ್ರಶ್ನೆ ಏಳುವುದು ಸರ್ಕಾರದ ಅಕ್ಕಿಗೆ ಮಾತ್ರ.

ಪರೀಕ್ಷೆಗಳಿಗೆ ಮರಳೋಣ. ಅಮೆರಿಕದಲ್ಲಿ 1968ರಿಂದ 1982ರ ನಡುವೆ ನಾಲ್ಕು ದೊಡ್ಡ ಪ್ರಯೋಗಗಳು ನಡೆದವು: ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದಲ್ಲಿ, ಅಯೋವಾ ಮತ್ತು ನಾರ್ತ್ ಕೆರೊಲಿನಾದ ಹಳ್ಳಿಗಳಲ್ಲಿ, ಗ್ಯಾರಿ ನಗರದಲ್ಲಿ, ಸಿಯಾಟಲ್ ಮತ್ತು ಡೆನ್ವರಿನಲ್ಲಿ. ಮಿಲ್ಟನ್ ಫ್ರೀಡ್‌ಮನ್ 1962ರಲ್ಲಿ ಪ್ರತಿಪಾದಿಸಿದ್ದ ‘ಋಣಾತ್ಮಕ ಆದಾಯ ತೆರಿಗೆ’ಯ ಪರೀಕ್ಷೆ ಅದು. ಕುಟುಂಬಕ್ಕೆ ಒಂದು ಕನಿಷ್ಠ ಮೊತ್ತ ಖಚಿತ, ಗಳಿಕೆ ಏರಿದಂತೆ ಸಹಾಯ ಹಂತಹಂತವಾಗಿ ಇಳಿಯುತ್ತದೆ. ನ್ಯೂಜೆರ್ಸಿಯಲ್ಲಿ ಈ ಇಳಿಕೆಯನ್ನು ರೂಪಾಯಿಗೆ ಮೂವತ್ತು, ಐವತ್ತು, ಎಪ್ಪತ್ತು ಪೈಸೆ ಎಂಬಂತೆ ಬೇರೆ ಬೇರೆ ಮಾಡಿ ನೋಡಿದರು. ದುಡಿಮೆ ಕಡಿಮೆಯಾಯಿತೇ? ಆಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಮನೆಯ ಮುಖ್ಯ ದುಡಿಯುವ ಗಂಡಸಿನ ಕೆಲಸದ ಗಂಟೆಗಳು ಸ್ವಲ್ಪವೇ ಇಳಿದವು. ಮದುವೆಯಾದ ಹೆಣ್ಣುಮಕ್ಕಳ ಗಂಟೆಗಳು ಅದಕ್ಕಿಂತ ಚೆನ್ನಾಗಿಯೇ ಇಳಿದವು. ಕೆಲಸವನ್ನೇ ಬಿಟ್ಟು ಕೂತ ಸಮೂಹ ಮಾತ್ರ ಕಾಣಲಿಲ್ಲ. ಅದೇ ಕಾಲದಲ್ಲಿ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಡಾಫಿನ್ ಪಟ್ಟಣದಲ್ಲಿ ನಡೆದ ಇಂಥದೇ ಪ್ರಯೋಗದ ಕಡತಗಳನ್ನು ಅರ್ಥಶಾಸ್ತ್ರಜ್ಞೆ ಎವೆಲಿನ್ ಫೊರ್ಜೆ ದಶಕಗಳ ನಂತರ ತೆಗೆದು ನೋಡಿದರು. ಆ ಊರಿನವರು ಆಸ್ಪತ್ರೆ ಸೇರುವುದು 8.5 ಶೇಕಡ ಕಡಿಮೆಯಾಗಿತ್ತು, ಹೈಸ್ಕೂಲಿನ ಕೊನೆಯ ತರಗತಿಗೆ ಉಳಿಯುವ ಮಕ್ಕಳು ಹೆಚ್ಚಾಗಿದ್ದರು. ಹದಿನಾರರ ಹುಡುಗ ಕೆಲಸ ಬಿಟ್ಟು ಶಾಲೆಗೆ ಹೋದರೆ ಅಂಕಿ ಅಂಶದ ಪುಸ್ತಕದಲ್ಲಿ ಅದೂ ದುಡಿಮೆಯ ಇಳಿಕೆಯೇ.

ನಮ್ಮಂಥ ದೇಶಗಳಲ್ಲಿ ಏನಾಯಿತು? ಬ್ಯಾನರ್ಜಿ ಮತ್ತು ಸಂಗಡಿಗರು 2017ರಲ್ಲಿ ಮೆಕ್ಸಿಕೊ, ಹೊಂಡುರಾಸ್, ನಿಕರಾಗುವಾ, ಮೊರಾಕೊ, ಇಂಡೋನೇಷ್ಯಾ, ಫಿಲಿಪೀನ್ಸ್ ಎಂಬ ಆರು ದೇಶಗಳ ಏಳು ನಗದು ಸಹಾಯ ಕಾರ್ಯಕ್ರಮಗಳ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಹಣ ಪಡೆದ ಗಂಡಸರಾಗಲಿ ಹೆಂಗಸರಾಗಲಿ ಕೆಲಸ ಕಡಿಮೆ ಮಾಡಿದ್ದಕ್ಕೆ ಕ್ರಮಬದ್ಧವಾದ ಪುರಾವೆ ಸಿಗಲಿಲ್ಲ. ನಮ್ಮದೇ ಮಧ್ಯಪ್ರದೇಶದಲ್ಲಿ 2011ರ ಸುಮಾರಿಗೆ ‘ಸೇವಾ’ ಸಂಘಟನೆ 8 ಹಳ್ಳಿಗಳಲ್ಲಿ ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100 ರೂಪಾಯಿ ಯಾವ ಷರತ್ತೂ ಇಲ್ಲದೆ ಕೊಟ್ಟು ನೋಡಿತು. ಮುಂದೆ ಮೊತ್ತ ಏರಿಸಿತು. ಅಲ್ಲಿ ಕಂಡ ಒಂದು ಬದಲಾವಣೆ ನಮ್ಮ “ಆಳು ಸಿಗ್ತಿಲ್ಲ” ಮಾತಿಗೆ ನೇರ ಸಂಬಂಧಪಟ್ಟದ್ದು. ಜನ ಪರರ ಹೊಲದ ಕೂಲಿಯಿಂದ ಸ್ವಂತ ತುಂಡು ಹೊಲದ ಕೆಲಸಕ್ಕೆ ಸರಿದಿದ್ದರು. ಪಕ್ಕದ ದೊಡ್ಡ ಹಿಡುವಳಿದಾರನ ಕಣ್ಣಿಗೆ ಅವರು ಮಾಯವಾದರು. ತಮ್ಮ ಹೊಲದಲ್ಲಿ ಅವರು ಬೆವರು ಸುರಿಸುತ್ತಿದ್ದರು.

ಈಗ ನನ್ನ ತಮ್ಮನ ದೂರಿಗೆ ಲೆಕ್ಕ ಹಾಕೋಣ. 2023ರ ಜುಲೈನಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ ನಮ್ಮ ಸರ್ಕಾರ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. ಅಂದರೆ ನಾಲ್ವರ ಮನೆಗೆ 680 ರೂಪಾಯಿ. ನಮ್ಮ ಕಡೆ ತೋಟದ ಕೆಲಸದವರ ಒಂದು ದಿನದ ಕೂಲಿಯೂ ಸುಮಾರು ಅಷ್ಟೇ. ಮೊದಲಿನ ಐದು ಕಿಲೋ ಸೇರಿಸಿದರೆ ಎರಡು ದಿನದ ಕೂಲಿ. ತಿಂಗಳಿಗೆ ಎರಡು ದಿನದ ಕೂಲಿ ಕೈಗೆ ಬಂತೆಂದು ಉಳಿದ ಇಪ್ಪತ್ತೆಂಟು ದಿನ ಯಾರು ಚಾಪೆ ಹಾಸಿ ಮಲಗುತ್ತಾರೆ? ಮಲಗುವುದಿಲ್ಲ. ಆದರೆ ಅಕ್ಕಿ ಡಬ್ಬದಲ್ಲಿದ್ದಾಗ ಒಂದು ವ್ಯತ್ಯಾಸವಂತೂ ಆಗುತ್ತದೆ. ಸಂಜೆಯ ಗಂಜಿಗಾಗಿ ಬೆಳಿಗ್ಗೆ ಕರೆದವರ ಹಿಂದೆ, ಕೊಟ್ಟಷ್ಟಕ್ಕೆ ಹೋಗಬೇಕಾದ ದರ್ದು ಇರುವುದಿಲ್ಲ. “ಆಳು ಸಿಗ್ತಿಲ್ಲ” ಎಂಬ ವಾಕ್ಯದಲ್ಲಿ “ಹಳೆಯ ಕೂಲಿಗೆ” ಎಂಬ ಮಾತು ನುಂಗಿಹೋಗಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಬಗ್ಗೆ ಅರ್ಥಶಾಸ್ತ್ರಜ್ಞರಾದ ಇಂಬೆರ್ ಮತ್ತು ಪಾಪ್ ಮಾಡಿದ ಅಧ್ಯಯನದಲ್ಲೂ ಕಂಡದ್ದು ಇದೇ: ಸರ್ಕಾರಿ ಕೆಲಸ ಸಿಕ್ಕ ಕಡೆ ಖಾಸಗಿ ಕೂಲಿಯ ದರ ಏರಿತು. ಕೂಲಿ ಕೊಡುವ ಸಣ್ಣ ರೈತನಿಗೆ ಅದು ನಿಜವಾದ ಕಷ್ಟ; ನನ್ನ ತಮ್ಮನ ಅಡಕೆ ತೋಟದ ಲೆಕ್ಕಪುಸ್ತಕ ನಾನು ನೋಡಿದ್ದೇನೆ. ಕಷ್ಟಕ್ಕೆ ಕಷ್ಟವೆಂದೇ ಹೆಸರಿಡೋಣ, ಎದುರಿನವರ ಸೋಮಾರಿತನವೆಂದು ಬೇಡ.

ಶ್ರೀಮಂತರ ಕಡೆಯ ಕಥೆಯನ್ನು ಬೇಗ ಮುಗಿಸುತ್ತೇನೆ, ಅದು ಹೆಚ್ಚು ಪರಿಚಿತ.

ಕೇಂಬ್ರಿಡ್ಜಿನ ನಿಕೊಲಸ್ ಕಾಲ್ಡರ್ ನಮ್ಮ ಸರ್ಕಾರದ ಆಹ್ವಾನದ ಮೇಲೆ ಬಂದು 1956ರಲ್ಲಿ ಒಂದು ವರದಿ ಕೊಟ್ಟರು. ಸಂಪತ್ತು, ಖರ್ಚು, ದಾನ, ಬಂಡವಾಳದ ಲಾಭ ಎಲ್ಲದರ ಮೇಲೂ ತೆರಿಗೆ ಹಾಕಿ, ಜೊತೆಗೆ ಆದಾಯ ತೆರಿಗೆಯ ಮೇಲ್ಮಿತಿಯನ್ನು 45 ಶೇಕಡಕ್ಕೆ ಇಳಿಸಿ ಎಂದರು. ದೆಹಲಿ ಹೊಸ ತೆರಿಗೆಗಳನ್ನು ಹಾಕಿತು, ಅಷ್ಟಕ್ಕೆ ಇಳಿಸುವ ಮಾತನ್ನು ಮರೆಯಿತು. ದರ ಏರುತ್ತ ಹೋಗಿ 1973-74ರಲ್ಲಿ ಸರ್ಚಾರ್ಜ್ ಸೇರಿ 97.75 ಶೇಕಡ ಮುಟ್ಟಿತು. ಮೇಲಿನ ಹಂತದ ನೂರು ರೂಪಾಯಿಯಲ್ಲಿ ಕೈಗೆ ಉಳಿಯುವುದು ಎರಡೂಕಾಲು ರೂಪಾಯಿ. ಸ್ಪೀನ್‌ಹ್ಯಾಮ್‌ಲ್ಯಾಂಡಿನ ಕೂಲಿಗೆ ಹಾಕಿದ್ದ ಲೆಕ್ಕವನ್ನೇ ಇಲ್ಲಿ ಶ್ರೀಮಂತನಿಗೆ ಹಾಕಿದ್ದರು. ಅವನೇನು ದುಡಿಮೆ ಬಿಟ್ಟು ಕೂರಲಿಲ್ಲ, ಎರಡನೆಯ ಲೆಕ್ಕಪುಸ್ತಕ ತೆರೆದ. ಕಪ್ಪು ಹಣಕ್ಕೆ ಈ ದರಗಳೇ ದೊಡ್ಡ ಕಾರಣವೆಂದು ವಾಂಚೂ ಸಮಿತಿ 1971ರಲ್ಲೇ ಎಚ್ಚರಿಸಿ 75 ಶೇಕಡಕ್ಕೆ ಇಳಿಸಲು ಹೇಳಿತ್ತು. 1974ರ ಬಜೆಟ್ಟಿನಲ್ಲಿ ಅದು 77ಕ್ಕೆ ಬಂತು, 1997ರಲ್ಲಿ 30ಕ್ಕೆ. ಆದ್ದರಿಂದ ತೆರಿಗೆ ದರ ಉತ್ಸಾಹವನ್ನು ಮುಟ್ಟುವುದೇ ಇಲ್ಲವೆಂದು ನಾನು ವಾದಿಸಲಾರೆ. ತೊಂಬತ್ತೇಳು ಶೇಕಡ ಹುಚ್ಚುತನವಾಗಿತ್ತು.

ಆದರೆ ಇದೇ ತರ್ಕವನ್ನು ಪೂರ್ತಿ ದಾರಿ ನಡೆಸುವ ಧೈರ್ಯ ಬೇಕಲ್ಲ? ದುಡಿಯದೆ ಬಂದ ಹಣ ಮನುಷ್ಯನನ್ನು ಸೋಮಾರಿ ಮಾಡುತ್ತದೆಂದಾದರೆ, ಪಿತ್ರಾರ್ಜಿತದಷ್ಟು ದುಡಿಯದೆ ಬಂದ ಹಣ ಇನ್ನಾವುದಿದೆ? ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ 1889ರಲ್ಲೇ ಈ ಮಾತೆತ್ತಿ, ಮಕ್ಕಳಿಗೆ ರಾಶಿ ಹಣ ಬಿಡುವುದು ಅವರಿಗೇ ಕೇಡು ಎಂದಿದ್ದ. ಅವನ ಊಹೆಯನ್ನು ಮೂವರು ಅರ್ಥಶಾಸ್ತ್ರಜ್ಞರು 1993ರಲ್ಲಿ ಅಮೆರಿಕದ ತೆರಿಗೆ ದಾಖಲೆಗಳಲ್ಲಿ ಪರೀಕ್ಷಿಸಿದರು. ಒಂದೂವರೆ ಲಕ್ಷ ಡಾಲರಿಗಿಂತ ಹೆಚ್ಚು ಪಿತ್ರಾರ್ಜಿತ ಪಡೆದವರು ಕೆಲಸ ಬಿಡುವ ಸಾಧ್ಯತೆ, ಇಪ್ಪತ್ತೈದು ಸಾವಿರಕ್ಕಿಂತ ಕಡಿಮೆ ಪಡೆದವರ ನಾಲ್ಕು ಪಟ್ಟು ಇತ್ತು. ನಮ್ಮಲ್ಲಿ 1953ರಿಂದ ಇದ್ದ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ತೆಗೆದುಹಾಕಿದರು, ಸಂಪತ್ತು ತೆರಿಗೆಯನ್ನು 2015ರಲ್ಲಿ. ಕೋಟ್ಯಧೀಶರ ಮಕ್ಕಳು ಸೋಮಾರಿಗಳಾದಾರೆಂದು ಆಗ ಯಾವ ಮದುವೆ ಮನೆಯಲ್ಲೂ ಚರ್ಚೆಯಾದದ್ದು ನಾನು ಕೇಳಲಿಲ್ಲ.

ಕಡೆಯ ಭಾಗಕ್ಕೆ ಬಂದೆ, ರೇಷನ್ ಕಾರ್ಡು. ನನಗೆ ಹೇಳಲೇಬೇಕಾದದ್ದು ಇರುವುದು ಇಲ್ಲಿ.

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಕಾಲರ್ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಕಳೆದ ವರ್ಷ ಸೂಪರ್‌ವೈಸರ್ ಆಗು ಎಂದರಂತೆ. ಸಂಬಳ ತಿಂಗಳಿಗೆ ಎರಡು ಸಾವಿರ ಹೆಚ್ಚು. ಬೇಡವೆಂದಳು. ಯಾಕಮ್ಮ ಎಂದೆ. “ಸಾರ್, ಸಂಬಳ ಬ್ಯಾಂಕಿಗೆ ಬೀಳುತ್ತೆ, ಪಿ.ಎಫ್. ಹಿಡೀತಾರೆ, ಎಲ್ಲಾ ಆಧಾರಿಗೆ ಲಿಂಕು. ನಮ್ಮ ವಠಾರದಲ್ಲಿ ಇಬ್ಬರದು ಕಾರ್ಡ್ ಕ್ಯಾನ್ಸಲ್ ಆಗಿದೆ. ನಮ್ಮತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ. ಎರಡು ಸಾವಿರಕ್ಕೆ ಆಸೆಪಟ್ಟು ಕಾರ್ಡ್ ಕಳ್ಕೊಳ್ಳಲಾ?”

ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಬಿ.ಪಿ.ಎಲ್. ಕಾರ್ಡಿಗೆ ನಮ್ಮ ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ, ತಿಂಗಳಿಗೆ ಹತ್ತು ಸಾವಿರ. ಉದ್ಯೋಗ ಖಾತರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಮನೆಯ ಒಬ್ಬರು ತಿಂಗಳಿಗೆ ಇಪ್ಪತ್ತೆಂಟು ದಿನ ದುಡಿದರೆ ಗೆರೆ ದಾಟಿಹೋಯಿತು. ಇಬ್ಬರು ದುಡಿದರಂತೂ ಹದಿನಾಲ್ಕು ದಿನ ಸಾಕು. ಹಾಗಾಗಿ ಪ್ರಾಮಾಣಿಕವಾಗಿ ದುಡಿದು, ಪ್ರಾಮಾಣಿಕವಾಗಿ ಬರೆಸಿದ ಬಡ ಕುಟುಂಬಕ್ಕೆ ಕಾರ್ಡು ಸಿಗುವುದು ದುಸ್ತರ. ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿಸುವಾಗ “ಎಷ್ಟು ಬರೀಲಿ?” ಎಂದು ಕೇಳುವುದು ಅದಕ್ಕೇ.

ಇನ್ನು ಆ ಕಾರ್ಡಿನಲ್ಲಿ ಏನೇನಿದೆ ನೋಡಿ. ಅಕ್ಕಿ ಅದರ ಸಣ್ಣ ಪಾಲು. ಆರೋಗ್ಯ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ 30 ಶೇಕಡ ಮಾತ್ರ, ಅದೂ 1.5 ಲಕ್ಷದವರೆಗೆ. ಗೆರೆಯ ಆಚೆ ಒಂದು ಹೆಜ್ಜೆ ಇಟ್ಟವಳಿಗೆ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಹೆಚ್ಚು ಸಂಬಳ, ಮೂರೂವರೆ ಲಕ್ಷದ ರಕ್ಷಣೆ ನಷ್ಟ. 97.75 ಶೇಕಡಕ್ಕೆ ನಾವು ಹುಚ್ಚುತನ ಎಂದೆವು. ಇದು ನೂರನ್ನು ಎಷ್ಟು ಸಲ ದಾಟಿತೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಇ.ಎಸ್.ಐ.ಗೆ 21,000 ರೂಪಾಯಿ ಸಂಬಳದ ಇಂಥದೇ ಇನ್ನೊಂದು ಗೆರೆಯಿದೆ. ಇನ್‌ಕ್ರಿಮೆಂಟ್ ಬಂದರೆ ಖುಷಿಪಡುವ ಬದಲು ಎಚ್.ಆರ್. ಮುಂದೆ ನಿಂತು ಬೇಡಿಕೊಳ್ಳುವವರನ್ನು ನೋಡಿದ್ದೇನೆ.

ಅದೇ ಹೆಣ್ಣುಮಗಳು ಬೆಳಿಗ್ಗೆ ಏಳೂವರೆಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿನಲ್ಲಿ ಬಸ್ಸು ಹತ್ತುತ್ತಾಳೆ. 2023ರ ಜೂನ್ 11ರಂದು ಶುರುವಾದ ಆ ಯೋಜನೆಗೆ ಆದಾಯದ ಗೆರೆಯಿಲ್ಲ. ಕಾಲರ್ ಹೊಲಿದರೂ ಸೂಪರ್‌ವೈಸರ್ ಆದರೂ ಟಿಕೆಟ್ಟು ಅದೇ. ಹಾಗಾಗಿ ಆ ಟಿಕೆಟ್ಟು ಅವಳ ಬಡ್ತಿಗೆ ಅಡ್ಡ ಬರುವುದಿಲ್ಲ, ದೂರದ ಕಾರ್ಖಾನೆಗೂ ಹೋಗಬಹುದೆಂಬ ಆಯ್ಕೆ ಕೊಡುತ್ತದೆ. ಶಾಲೆಯ ಬಿಸಿಯೂಟದ ತಟ್ಟೆಗೂ ಗೆರೆಯಿಲ್ಲ. ಉಳ್ಳವರಿಗೂ ಏಕೆ ಕೊಡಬೇಕೆಂಬ ಆಕ್ಷೇಪ ನನಗೆ ಗೊತ್ತಿದೆ. ಉಳ್ಳವರಿಂದ ತೆರಿಗೆಯಲ್ಲಿ ವಾಪಸು ಪಡೆಯುವುದು ಸುಲಭ, ಬಡವಿಯ ಮುಂದೆ ಗೋಡೆ ಎಬ್ಬಿಸಿ ಆಮೇಲೆ ಅವಳು ಹತ್ತಲಿಲ್ಲವೆಂದು ದೂರುವುದಕ್ಕಿಂತ ಅಗ್ಗ ಎಂಬುದು ನನ್ನ ಉತ್ತರ. ಎಲ್ಲಕ್ಕೂ ಗೆರೆ ಅಳಿಸಲು ಬೊಕ್ಕಸದಲ್ಲಿ ಹಣವಿಲ್ಲವೆಂದರೆ, ಗೋಡೆಯನ್ನು ಇಳಿಜಾರು ಮಾಡಬಹುದು. ಅಮೆರಿಕ 1975ರಿಂದ ದುಡಿಯುವ ಬಡವರಿಗೆ ಕೊಡುತ್ತಿರುವ ತೆರಿಗೆ ಮರುಪಾವತಿ ಹಾಗೆಯೇ ಇದೆ. ಗಳಿಕೆ ಒಂದು ಹಂತ ದಾಟಿದ ಮೇಲೆ ಸಹಾಯ ನಿಧಾನವಾಗಿ ಇಳಿಯುತ್ತದೆ, ದೊಪ್ಪೆಂದು ಬೀಳುವುದಿಲ್ಲ.

ಸಭೆಯಲ್ಲಿ ಆಹಾರ ಇಲಾಖೆಯ, ಕಂದಾಯ ಇಲಾಖೆಯ ಅಧಿಕಾರಿಗಳು ಕೆಲವರು ಕೂತಿರುವುದನ್ನು ಬಂದಾಗಲೇ ಗಮನಿಸಿದೆ. ಅವರಲ್ಲಿ ಎರಡು ವಿನಂತಿ. 1.20 ಲಕ್ಷದ ಮಿತಿಯನ್ನು ಕನಿಷ್ಠ ಕೂಲಿಯ ಜೊತೆಗೆ ಕಟ್ಟಿಹಾಕಿ, ಕೂಲಿ ಏರಿದಾಗ ಅದೂ ಏರಲಿ. ಮತ್ತು ಆದಾಯ ಹೆಚ್ಚಿದ್ದಕ್ಕಾಗಿ ಕಾರ್ಡು ರದ್ದು ಮಾಡುವಾಗ ಆಸ್ಪತ್ರೆಯ ಸೌಲಭ್ಯವನ್ನು ಮಾತ್ರ ಎರಡು ವರ್ಷ ಮುಂದುವರಿಸಿ. ಎರಡಕ್ಕೂ ಹೊಸ ಕಾನೂನು ಬೇಕಿಲ್ಲ, ಒಂದೊಂದು ಆದೇಶ ಸಾಕು. ಆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಇನ್ನೂ ಖಾಲಿಯಿದೆಯಂತೆ.